ನಲವತ್ತು ಮನೆಯ ರೊಟ್ಟಿ ಲೆಕ್ಕ

ಅರ್ಥಶಾಸ್ತ್ರದಲ್ಲಿ ಬಿ.ಎ. ಮುಗಿಸಲು ನನಗೆ ಬಾಕಿ ಉಳಿದದ್ದು ಒಂದೇ ಒಂದು ಕೆಲಸ. ನಲವತ್ತು ಮನೆಗೆ ಹೋಗಬೇಕು, ದಿನಕ್ಕೆ ಎಷ್ಟು ಜೋಳದ ರೊಟ್ಟಿ ತಿನ್ನುತ್ತೀರಿ ಎಂದು ಕೇಳಬೇಕು, ಬರೆದುಕೊಂಡು ಬರಬೇಕು. ಶಹಾಪುರದಂಥ ಊರಿನಲ್ಲಿ, ಅದೂ ನಮ್ಮದೇ ಓಣಿಯಲ್ಲಿ, ಇದಕ್ಕೆಷ್ಟು ಹೊತ್ತು? ಮನೆಗೆ ಹತ್ತು ನಿಮಿಷ ಹಿಡಿದರೂ ಎರಡು ದಿನ ಸಾಕು ಎಂದು ಹಾಳೆಯ ಮೇಲೆ ಗುಣಿಸಿ, ಉತ್ತರದ ಕೆಳಗೆ ಸ್ಕೇಲಿಟ್ಟು ಎರಡು ಗೆರೆ ಎಳೆದೆ. ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ್ದು ಹಾಗೆ. ಉತ್ತರ ತಪ್ಪಿದರೂ ಗೆರೆ ನೆಟ್ಟಗಿರಬೇಕು.

ಪರಿಸ್ಥಿತಿ ಹೇಳಿಬಿಡುತ್ತೇನೆ. ನನ್ನದು ದೂರಶಿಕ್ಷಣ. ಮೂರು ವರ್ಷದ ಪದವಿಯನ್ನು ಹೆಚ್ಚೆಂದರೆ ಆರು ವರ್ಷದಲ್ಲಿ ಮುಗಿಸಬೇಕು. ಆರು ದಾಟಿದರೆ ಅಲ್ಲಿಯವರೆಗೆ ಪಾಸಾದ ಪತ್ರಿಕೆಗಳೆಲ್ಲ ಬರೆಯದ ಪತ್ರಿಕೆಗಳಿಗೆ ಸಮ ಎಂದು ನಿಯಮಾವಳಿ ಹೇಳುತ್ತದೆ. ನಾನು ಸ್ವಲ್ಪ ನಿಧಾನ. ಒಂದು ವರ್ಷ ಮಗಳ ಹತ್ತನೇ ತರಗತಿ ಬಂತು, ಒಂದು ವರ್ಷ ಗುರುಮಠಕಲ್ಲಿನಲ್ಲಿ ಅತ್ತೆಯವರ ಮೊಣಕಾಲು ಬಂತು, ಇನ್ನೊಂದು ವರ್ಷ ಪರೀಕ್ಷೆಯ ದಿನವೇ ನಾದಿನಿಯ ನಿಶ್ಚಿತಾರ್ಥ ಬಂತು. ಆದರೂ ಸೂಕ್ಷ್ಮ ಅರ್ಥಶಾಸ್ತ್ರ, ಸಮಗ್ರ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ಎರಡು ಭಾಷೆ, ಪರಿಸರ, ಸಂವಿಧಾನ ಎಲ್ಲವನ್ನೂ ಒಂದೊಂದಾಗಿ ದಾಟಿದ್ದೆ. ಈಗ ಆರನೇ ವರ್ಷದ ಕೊನೆ. ಉಳಿದದ್ದು ಸಮೀಕ್ಷೆ ಮಾಡಿ ಬರೆಯುವ ಒಂದು ವರದಿ ಮತ್ತು ಐದು ವಾರ.

ಮಗಳು ಆ ವರ್ಷ ಕಲಬುರಗಿಯ ಹಾಸ್ಟೆಲ್ಲಿನಲ್ಲಿದ್ದಳು. ಅವಳ ಯಾವುದೋ ಅರ್ಜಿಯಲ್ಲಿ ‘ತಾಯಿಯ ವಿದ್ಯಾರ್ಹತೆ’ ಎಂಬ ಜಾಗವನ್ನು ಖಾಲಿ ಬಿಟ್ಟಿದ್ದಳು. ಪಿಯುಸಿ ಎಂದು ಬರೆಯಬಾರದೇ ಎಂದರೆ, ಇನ್ನೊಂದೇ ತಿಂಗಳಲ್ಲವೇ, ಮುಗಿಯಲಿ, ಆಮೇಲೆ ತುಂಬುತ್ತೇನೆ ಎಂದಳು. ಆ ಖಾಲಿ ಗೆರೆ ನನ್ನ ಕಣ್ಣ ಮುಂದೆಯೇ ಇತ್ತು.

ವರದಿಯ ವಿಷಯ ‘ಪಟ್ಟಣದ ಕುಟುಂಬಗಳಲ್ಲಿ ಜೋಳದ ಬಳಕೆ’. ಕೈಯಲ್ಲಿ ನಾಲ್ಕು ಕಾಸು ಓಡಾಡಿದಂತೆ ಜನ ರೊಟ್ಟಿ ಬಿಟ್ಟು ಅನ್ನ, ಚಪಾತಿಯ ಕಡೆ ಹೋಗುತ್ತಾರೆ ಎನ್ನುವುದು ಸಿದ್ಧಾಂತ. ಅದನ್ನು ಅಂಕಿಗಳಲ್ಲಿ ತೋರಿಸಬೇಕು. ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು: ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಬಡಿದೆ. ಹಂಚಿಗೆ ಬೀಳುವ ಮೊದಲೇ ಅದು ನಾಲ್ಕು ತಾಲೂಕಾಯಿತು. ನಮ್ಮನೆಯವರು ಸಮಾಧಾನದಿಂದ ನೋಡಿ, ‘ವಡಗೇರಾ ಕಡೀದು ನನಗ ಹಾಕು’ ಎಂದರು. ಅಂದಿನಿಂದ ಹಿಂದಿನ ಓಣಿಯ ಸಿದ್ದಮ್ಮ ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಸುತ್ತಿದ ರೊಟ್ಟಿ ತಂದುಕೊಡುತ್ತಾಳೆ. ರೊಟ್ಟಿಯ ಬಗ್ಗೆ ವರದಿ ಬರೆಯುವವರಿಗೆ ರೊಟ್ಟಿ ಬಡಿಯಲು ಬರಬೇಕೆಂದು ನಿಯಮಾವಳಿಯಲ್ಲಿ ಎಲ್ಲಿಯೂ ಇರಲಿಲ್ಲ. ಎರಡು ಸಲ ಓದಿದ್ದೆ.

ನಲವತ್ತು ನಮೂನೆಗಳನ್ನು ಸ್ವತಃ ಬರೆದು ಝೆರಾಕ್ಸ್ ಮಾಡಿಸಿದೆ. ಪ್ರಶ್ನೆ ಒಂಬತ್ತು ಹೀಗಿತ್ತು: ‘ತಮ್ಮ ಕುಟುಂಬದ ಪ್ರತಿಯೊಬ್ಬ ಸದಸ್ಯರು ದಿನವೊಂದಕ್ಕೆ ಸೇವಿಸುವ ಜೋಳದ ರೊಟ್ಟಿಗಳ ಸಂಖ್ಯೆ.’ ಕೆಳಗೆ ಉತ್ತರಿಸಿದವರ ಸಹಿ. ನಮ್ಮನೆಯವರು ಕಾಲುವೆ ಆಫೀಸಿನಲ್ಲಿ ಗುಮಾಸ್ತರು. ನಮೂನೆ ಕಂಡರೆ ಮೊದಲಿನಿಂದ ಕೊನೆಯವರೆಗೆ ಓದದೆ ಬಿಡುವವರಲ್ಲ. ಒಂಬತ್ತನೇ ಪ್ರಶ್ನೆಗೆ ಬಂದು ನಿಂತರು.

‘ಮಂದಿ ರೊಟ್ಟಿ ಎಣಸ್ತಿ?’

‘ಹೌದ್ರಿ.’

‘ಎಣಸು.’

ಮತ್ತೆ ಪೇಪರು ತೆಗೆದುಕೊಂಡರು. ಆ ಒಂದು ಶಬ್ದದೊಳಗೆ ಎಷ್ಟು ದೊಡ್ಡ ಎಚ್ಚರಿಕೆ ಇತ್ತೆಂದು ನನಗೆ ಆಗ ತಿಳಿಯಲಿಲ್ಲ.

ಮೊದಲ ಮನೆ ಗೋಡೆಗೆ ಗೋಡೆ ಹತ್ತಿದ ಗೌರಮ್ಮನದು. ಅರವತ್ತು ದಾಟಿದ ಗೌರಮ್ಮ ನಮ್ಮ ಓಣಿಯ ಹಿರಿಯರು. ಯಾರ ಮನೆಗೆ ಯಾರು ಬಂದರು, ಎಷ್ಟು ದಿನ ಉಳಿದರು, ಯಾವಾಗ ಹೋಗಬೇಕಾಗಿತ್ತು ಎಂಬುದೆಲ್ಲ ಅವರಿಗೆ ಗೊತ್ತು. ಓಣಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆಂದು ಅವರು ನನ್ನನ್ನು ‘ಅಕ್ಕೋರ’ ಎನ್ನುತ್ತಾರೆ. ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತ ಕುಳಿತಿದ್ದರು. ನಾನು ಪ್ರಶ್ನೆ ಒಂಬತ್ತನ್ನು ಸ್ಪಷ್ಟ ಉಚ್ಚಾರದಲ್ಲಿ ಓದಿದೆ.

‘ಉಣ್ಣೋಷ್ಟು ಉಣ್ತೀವ್ರಿ’ ಎಂದರು ಗೌರಮ್ಮ.

‘ಅಂದ್ರ ಎಷ್ಟ್ರಿ?’

‘ಹೊಟ್ಟಿ ತುಂಬೋಷ್ಟು.’

ಆಮೇಲೆ ಚಹಾ ಬಂತು. ಚಹಾದ ನಂತರ ಮಗಳ ಹಾಸ್ಟೆಲ್ಲಿನ ಸಾಂಬಾರಿನ ವಿಚಾರ ಬಂತು. ಮನೆಗೆ ಬಂದ ಮುತ್ತೈದೆಯನ್ನು ಹಾಗೇ ಕಳಿಸುತ್ತಾರೆಯೇ? ಕುಂಕುಮ ಹಚ್ಚಿ, ಕುಬುಸದ ಕಣ ಕೊಟ್ಟರು. ನನ್ನ ಹತ್ತು ನಿಮಿಷ ಒಂದು ಗಂಟೆ ಇಪ್ಪತ್ತು ನಿಮಿಷವಾಯಿತು. ದಿನಕ್ಕೆ ಎರಡು ಮನೆ ಮುಗಿಸಿದರೆ ಹೆಚ್ಚು ಎಂಬ ಸತ್ಯ ನಾಲ್ಕನೇ ಚಹಾದ ಹೊತ್ತಿಗೆ ಹೊಳೆಯಿತು.

ಒಂಬತ್ತು ದಿನದಲ್ಲಿ ಹದಿನೆಂಟು ಮನೆಯಾದವು. ಏಳು ಮನೆಯವರು ‘ಉಣ್ಣೋಷ್ಟು’ ಎಂದಿದ್ದರು. ಆರು ಮನೆಯವರು ‘ಹೊಟ್ಟಿ ತುಂಬೋಷ್ಟು’. ನಾಲ್ಕು ಮನೆಯವರು ‘ದೇವರು ಕೊಟ್ಟಷ್ಟು’. ಒಂದು ಮನೆಯಲ್ಲಿ ಮಾತ್ರ ನನ್ನ ಮುಖವನ್ನೇ ನೋಡಿ, ರೊಟ್ಟಿ ಕಡಿಮೆ ಬಿದ್ದಿವೆಯೇ ಎಂದು ಮೆಲ್ಲಗೆ ವಿಚಾರಿಸಿ, ಬೇಡಬೇಡವೆಂದರೂ ನಾಲ್ಕು ಕಟ್ಟಿಕೊಟ್ಟರು. ನಾನು ಇದ್ದದ್ದನ್ನು ಇದ್ದಂತೆ ಬರೆದೆ. ಕೋಷ್ಟಕ ಮಾಡಿದೆ. ಬಣ್ಣದ ಪೆನ್ಸಿಲಿನಲ್ಲಿ ಸ್ತಂಭ ಚಿತ್ರವನ್ನೂ ಬರೆದೆ. ‘ದೇವರು ಕೊಟ್ಟಷ್ಟು’ ಎಂಬುದಕ್ಕೆ ಹಳದಿ ಬಣ್ಣ ಕೊಟ್ಟೆ.

ನನ್ನ ಮಾರ್ಗದರ್ಶಕರು ಸುರಪುರದಲ್ಲಿ ಗುಡ್ಡದ ಪಕ್ಕದ ಓಣಿಯಲ್ಲಿದ್ದರು. ತುಮಕೂರು ಕಡೆಯಿಂದ ವರ್ಗವಾಗಿ ಬಂದು ಎಂಟು ತಿಂಗಳಾಗಿದ್ದ ತರುಣ ಉಪನ್ಯಾಸಕರು. ಬಸ್ಸಿಳಿದು, ಏರು ಹತ್ತಿ, ಏದುಸಿರು ಬಿಡುತ್ತ ಚಿತ್ರವನ್ನು ಅವರ ಮುಂದಿಟ್ಟೆ. ಬಹಳ ಹೊತ್ತು ನೋಡಿದರು.

‘ಮೇಡಂ, ಚಿತ್ರ ತುಂಬಾ ಚೆನ್ನಾಗಿದೆ. ಆದ್ರೆ ದೇವರು ಕೊಟ್ಟಷ್ಟು ಅಂದ್ರೆ ಎಷ್ಟು? ಇದರ ಸರಾಸರಿ ಹೇಗೆ ತೆಗೀತೀರಿ?’

ನಾಲ್ಕು ಮನೆಗೂ ದೇವರು ಬೇರೆ ಬೇರೆ ಸರ್ ಎಂದೆ. ಇದು ಉತ್ತರವೆಂದು ನನಗೂ ಅನ್ನಿಸಲಿಲ್ಲ.

ಅವರು ಒಳ್ಳೆಯವರು, ನಗಲಿಲ್ಲ. ಅಂಕಿ ಇಲ್ಲದಿದ್ದರೆ ವರದಿ ಇಲ್ಲ, ವರದಿ ಇಲ್ಲದಿದ್ದರೆ ಪದವಿ ಇಲ್ಲ ಎಂದು ಬಿಡಿಸಿ ಹೇಳಿದರು. ಬಾಯಲ್ಲಿ ಹೇಳದಿದ್ದರೆ ಕಣ್ಣಲ್ಲಿ ನೋಡಬೇಕು, ಅದಕ್ಕೆ ಪ್ರತ್ಯಕ್ಷ ವೀಕ್ಷಣೆ ಎನ್ನುತ್ತಾರೆ, ಊಟದ ಹೊತ್ತಿಗೇ ಹೋಗಿ ಕೂತು ಎಣಿಸಿ ಎಂದರು. ಪಾಪ, ಅವರ ಊರಿನಲ್ಲಿ ಮುದ್ದೆ. ಮುದ್ದೆ ಎಣಿಸಿದರೆ ಯಾರಿಗೂ ಏನೂ ಆಗುವುದಿಲ್ಲ. ನನಗಾದರೂ ತಿಳಿಯಬೇಕಿತ್ತು. ಆದರೆ ನಾನು ಬೆಳೆದದ್ದು ಕಾನ್ವೆಂಟಿನ ಹಾಸ್ಟೆಲ್ಲಿನಲ್ಲಿ. ಅಲ್ಲಿ ಒಬ್ಬೊಬ್ಬಳಿಗೆ ಎರಡೇ ಚಪಾತಿ. ಸಿಸ್ಟರ್ ಎಲ್ಲರೆದುರು ಎಣಿಸಿಯೇ ಹಾಕುತ್ತಿದ್ದರು. ಎಂಟು ವರ್ಷದಲ್ಲಿ ಯಾರಿಗೂ ಜ್ವರ ಬಂದದ್ದು ನೆನಪಿಲ್ಲ.

ಪ್ರತ್ಯಕ್ಷ ವೀಕ್ಷಣೆಗೆ ನಾನು ಆರಿಸಿಕೊಂಡದ್ದು ಗೌರಮ್ಮನ ಆಚೆ ಬದಿಯ ಮಲ್ಲಮ್ಮನ ಮನೆ. ಮಲ್ಲಮ್ಮನ ಮಾವ ಹಣಮಪ್ಪಜ್ಜ ಒಂದು ಕಾಲಕ್ಕೆ ಜೋಳದ ಚೀಲಗಳನ್ನು ಬೆನ್ನ ಮೇಲೆ ಹೊತ್ತವರು. ಎಂಬತ್ತರ ಹತ್ತಿರದ ವಯಸ್ಸು. ಮಧ್ಯಾಹ್ನ ಒಂದೂವರೆಗೆ ಊಟಕ್ಕೆ ಕೂತರು. ಎದುರಿಗೆ ಮಣೆ ಹಾಕಿಕೊಂಡು, ತೊಡೆಯ ಮೇಲೆ ನಮೂನೆ ಇಟ್ಟುಕೊಂಡು ನಾನೂ ಕೂತೆ. ತಾಟಿಗೆ ರೊಟ್ಟಿ ಬಿದ್ದಾಗಲೊಮ್ಮೆ ಒಂದು ಗೀಟು. ನಾಲ್ಕು ನೆಟ್ಟನೆಯ ಗೀಟು, ಐದನೆಯದು ಅಡ್ಡ. ಸಂಖ್ಯಾಶಾಸ್ತ್ರದ ಪುಸ್ತಕದಲ್ಲಿ ಹಾಗಿದೆ. ತಪ್ಪಬಾರದೆಂದು ತುಟಿಯಲ್ಲಿ ಎಣಿಸುತ್ತಲೂ ಇದ್ದೆ.

ಆರನೆಯ ರೊಟ್ಟಿಗೆ ಮಲ್ಲಮ್ಮನ ಕೈ ನಡುವೆ ನಿಂತಿತು. ನನ್ನ ಪೆನ್ನೂ ನಿಂತಿತು. ರೊಟ್ಟಿ ಬಿತ್ತು, ಗೀಟು ಬಿತ್ತು. ಒಂಬತ್ತಾದ ಮೇಲೆ ಅಜ್ಜ ಮಜ್ಜಿಗೆಗೆ ಕೈ ಚಾಚಿದರು. ಇಷ್ಟು ಚೆಂದದ ಅಂಕಿ ಹತ್ತು ದಿನದಲ್ಲಿ ಮೊದಲ ಬಾರಿಗೆ ಸಿಕ್ಕ ಸಂತೋಷದಲ್ಲಿ ನಾನು ಬಾಯಿಬಿಟ್ಟು ಹೇಳಿದೆ:

‘ಒಂಬತ್ತು! ಈ ವಯಸ್ಸಿನಾಗ ಒಂಬತ್ತು ಅಂದ್ರ ಭಾಳ ಆತ್ರಿ ಅಜ್ಜಾರ.’

ಮೆಚ್ಚಿಕೊಂಡೇ ಹೇಳಿದ್ದು. ಆದರೆ ಅಜ್ಜನ ಮಜ್ಜಿಗೆ ಬಟ್ಟಲು ಬಾಯಿಗೂ ತಾಟಿಗೂ ನಡುವೆ ಉಳಿಯಿತು. ಅಂದು ಆ ಮನೆಯಲ್ಲಿ ನನಗೆ ಕುಂಕುಮ ಹಚ್ಚಿದರು, ಕುಬುಸದ ಕಣ ಕೊಡಲಿಲ್ಲ.

ಮರುದಿನ ಬೆಳಿಗ್ಗೆ ಮಲ್ಲಮ್ಮ ಒಂದು ಸಣ್ಣ ಸ್ಟೀಲಿನ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಸಕ್ಕರೆಗೆ ಬಂದಿರಬೇಕೆಂದು ನಾನು ಡಬ್ಬಿ ತೆಗೆದೆ. ಸಕ್ಕರೆಗಲ್ಲ. ಅಜ್ಜನಿಗೆ ಬೆಳಗಿನಿಂದ ಹೊಟ್ಟೆ ಕೆಟ್ಟಿತ್ತು. ಹಾಸಿಗೆ ಬಿಟ್ಟು ಏಳಲೊಲ್ಲರು. ರೊಟ್ಟಿ ಎಂದರೆ ಮುಖ ತಿರುಗಿಸುತ್ತಿದ್ದರು.

‘ನದರ ಆಗ್ಯಾದ್ರಿ ಅಕ್ಕೋರ’ ಎಂದಳು, ನೆಲ ನೋಡುತ್ತ. ‘ಸಿಟ್ಟಾಗಬ್ಯಾಡ್ರಿ. ನಿಮ್ಮ ಪಾದದ ಧೂಳಿ ಚೂರು ಕೊಡ್ರಿ. ನಿವಾಳಿಸಿ ಒಲಿಗೆ ಹಾಕ್ತೀನಿ.’

ಉಣ್ಣುವ ರೊಟ್ಟಿ ಎಣಿಸಿದರೆ ದೃಷ್ಟಿಯಾಗುತ್ತದೆ, ದೃಷ್ಟಿ ಹಾಕಿದವರ ಕಾಲಧೂಳಿಯಿಂದಲೇ ಅದು ಹೋಗುತ್ತದೆ. ಇದು ನಮ್ಮ ಓಣಿಯ ಚಿಕ್ಕ ಮಕ್ಕಳಿಗೂ ಗೊತ್ತಿದ್ದ ಸಂಗತಿಯಂತೆ. ಕೊಡಲು ನನ್ನದೇನೂ ಅಡ್ಡಿಯಿರಲಿಲ್ಲ. ತೊಂದರೆಯೆಂದರೆ ಧೂಳಿ ಇರಲಿಲ್ಲ. ಆಗಷ್ಟೇ ಸ್ನಾನವಾಗಿತ್ತು. ಮನೆಯೊಳಗೂ ನಾನು ಚಪ್ಪಲಿ ಹಾಕುತ್ತೇನೆ. ಇಬ್ಬರೂ ಬಗ್ಗಿ ಬೆರಳ ಸಂದಿಯಲ್ಲೆಲ್ಲ ಹುಡುಕಿದೆವು. ಸ್ವಚ್ಛವಾಗಿದ್ದುದಕ್ಕೆ ನನಗೆ ಜೀವನದಲ್ಲಿ ಮೊದಲ ಬಾರಿಗೆ ನಾಚಿಕೆಯಾಯಿತು. ಕೊನೆಗೆ ನಮ್ಮನೆಯವರು ಒಂದು ಆಡಳಿತಾತ್ಮಕ ಪರಿಹಾರ ಸೂಚಿಸಿದರು: ಬರಿಗಾಲಲ್ಲಿ ಗೇಟಿನವರೆಗೆ ಹೋಗಿ ಬಾ. ಮಲ್ಲಮ್ಮ, ನಮ್ಮನೆಯವರು ಮತ್ತು ಗೋಡೆಯ ಮೇಲಿಂದ ಗೌರಮ್ಮ ನೋಡುತ್ತಿದ್ದಂತೆ ನಾನು ಹೋಗಿ ಬಂದೆ. ಸಾಲಲಿಲ್ಲ. ಎರಡನೇ ಸುತ್ತಿಗೆ ಬೇಕಾದಷ್ಟು ಸಿಕ್ಕಿತು.

ಸಂಜೆಗೆ ಅಜ್ಜ ಎದ್ದು ಕೂತು ರೊಟ್ಟಿ ಕೇಳಿದರು. ಎಷ್ಟು ತಿಂದರೆಂದು ನನಗೆ ಯಾರೂ ಹೇಳಲಿಲ್ಲ.

ಅವರು ಗುಣವಾದದ್ದೇ ನನ್ನ ಸರ್ವನಾಶಕ್ಕೆ ಕಾರಣವಾಯಿತು. ನನ್ನ ಧೂಳಿಯಿಂದ ಹೋದ ಕಾಯಿಲೆ ನನ್ನಿಂದಲೇ ಬಂದದ್ದೆಂದು ಸಾಬೀತಾದಂತಾಯಿತಲ್ಲ. ಕಾರಣ ಮತ್ತು ಪರಿಣಾಮ ಎಂಬ ಅಧ್ಯಾಯವನ್ನು ನಾನು ಸಂಖ್ಯಾಶಾಸ್ತ್ರದಲ್ಲಿ ಎರಡು ಸಲ ಓದಿ ಪಾಸಾಗಿದ್ದೆ. ಓಣಿ ಓದದೆಯೇ ಪಾಸಾಯಿತು.

ಆಮೇಲೆ ನಾನು ಕೈಯಲ್ಲಿ ಹಾಳೆ ಹಿಡಿದು ಹೊರಬಿದ್ದರೆ ಸಾಕು, ರೊಟ್ಟಿ ಬುಟ್ಟಿಗಳ ಮೇಲೆ ಬಟ್ಟೆ ಬೀಳುತ್ತಿತ್ತು. ಬಾಗಿಲಲ್ಲಿ ಕೂತು ತಿನ್ನುತ್ತಿದ್ದ ಕೂಸುಗಳನ್ನು ಒಳಗೆ ಎಳೆದುಕೊಳ್ಳುತ್ತಿದ್ದರು. ಎದುರು ಮನೆಯಲ್ಲಿ ಹೊಲಿಗೆ ಮಾಡುವ ರಶೀದಾ ಆಪಾ ನನ್ನ ಮೇಲೆ ಅಕ್ಕರೆ ಇದ್ದವರು. ಅವರೂ ಮಷಿನು ನಿಲ್ಲಿಸಿ, ‘ನಮ್ಮಲ್ಲೂ ಹಂಗೇ ಅದರೀ ಅಕ್ಕೋರ. ಗಿನತಿ ಮಾಡಿದ್ರ ಬರಕತ್ ಹೋಗ್ತದ’ ಎಂದು, ಎಣಿಸಿದರೆ ಮನೆಯ ಏಳಿಗೆ ಹೋಗುವ ಮಾತನ್ನು ಮೆತ್ತಗೆ ತಿಳಿಸಿ, ನನ್ನ ನಮೂನೆಯನ್ನು ನನಗೇ ಮಡಿಚಿಕೊಟ್ಟರು. ಅದೇ ವಾರ ಒಂದು ಮನೆಯಲ್ಲಿ ತೊಟ್ಟಿಲ ಕಾರ್ಯಕ್ರಮಕ್ಕೆ ಕರೆದರು. ಊಟಕ್ಕೆ ನನ್ನನ್ನು ಗೋಡೆಗೆ ಮುಖ ಮಾಡಿ ಕೂರಿಸಿದರು. ಗೋಡೆಯಲ್ಲಿ ಎಣಿಸುವಂಥದ್ದು ಏನೂ ಇರಲಿಲ್ಲ.

ಹನ್ನೆರಡು ದಿನ ಉಳಿದವು. ನನ್ನ ಹತ್ತಿರ ಇದ್ದ ಅಂಕಿ ಒಂದೇ: ಒಂಬತ್ತು. ಒಂದು ಅಂಕಿಯ ಸರಾಸರಿ ತೆಗೆಯುವುದು ಸುಲಭ. ಆದರೆ ಅದರಿಂದ ಅರವತ್ತು ಪುಟದ ವರದಿಯಾಗುವುದಿಲ್ಲ.

ಯಾದಗಿರಿಯ ಅಧ್ಯಯನ ಕೇಂದ್ರಕ್ಕೆ ಹೋಗಿ, ಇನ್ನೊಂದು ತಿಂಗಳು ಸಮಯ ಸಿಗಬಹುದೇ ಎಂದು ಕೇಳಿದೆ. ಅಲ್ಲಿನ ಗುಮಾಸ್ತರು ಚಹಾ ತರಿಸಿಕೊಟ್ಟರು, ಸಮಯ ಕೊಡಲಿಲ್ಲ. ಆರು ವರ್ಷವೆಂದರೆ ಆರು ವರ್ಷ, ಏಳನೆಯದಕ್ಕೆ ಬಂದರೆ ಮೊದಲ ವರ್ಷದಿಂದ ಹೆಸರು ಹಚ್ಚಬೇಕು ಎಂದು ನಿಯಮಾವಳಿಯ ಪುಟ ತೆರೆದು ಬೆರಳಿಟ್ಟು ತೋರಿಸಿದರು. ವಾಪಸು ಬರುವಾಗ ಬಸ್ಸಿನ ಕಿಟಕಿಯಲ್ಲಿ ಕರೆಂಟಿನ ಕಂಬಗಳು ಒಂದೊಂದಾಗಿ ಹಿಂದೆ ಹೋಗುತ್ತಿದ್ದವು. ಹದಿನಾಲ್ಕರವರೆಗೆ ಎಣಿಸಿದವಳು ಗಾಬರಿಯಾಗಿ ನಿಲ್ಲಿಸಿದೆ. ಮಗಳಿಗೆ ಫೋನು ಮಾಡಿ, ಆ ಗೆರೆಯಲ್ಲಿ ಪಿಯುಸಿ ಎಂದೇ ಬರೆದುಬಿಡು ಎಂದು ಹೇಳಬೇಕೆಂದುಕೊಂಡೆ. ಎರಡು ಸಲ ಫೋನು ತೆಗೆದು ಎರಡು ಸಲವೂ ಚೀಲಕ್ಕೆ ಹಾಕಿದೆ.

ಮನೆಯ ಹತ್ತಿರ ಬರುವಾಗ ಗೌರಮ್ಮ ಕಟ್ಟೆಯ ಮೇಲಿದ್ದರು. ನನ್ನ ಮುಖ ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಕೂತು ಎಲ್ಲ ಹೇಳಿದೆ: ಆರು ವರ್ಷ, ಪಾಸಾದ ಪತ್ರಿಕೆಗಳು, ಮಗಳ ಖಾಲಿ ಗೆರೆ. ಗೌರಮ್ಮ ಅಡಿಕೆ ಹೋಳನ್ನು ದವಡೆಯ ಈ ಕಡೆಯಿಂದ ಆ ಕಡೆಗೆ ಸರಿಸಿದರು.

‘ತನ್ನ ಮನಿ ರೊಟ್ಟಿ ಯಾರೂ ಎಣಸಂಗಿಲ್ರಿ ಅಕ್ಕೋರ. ಕೇಳಿದ್ದೇ ತಪ್ಪು ನಿಮ್ದು’ ಎಂದರು. ಮಲ್ಲಮ್ಮನ ಮನೆಯ ಕಡೆ ಗದ್ದ ತಿರುಗಿಸಿ ಹೇಳಿದರು: ‘ಈಗ ಆಕೀನ್ನೇ ನೋಡ್ರಿ. ಮುಂಜಾನಿ ಇಪ್ಪತ್ತಾರು ಬಡೀತಾಳ. ಸಂಜೀಕ ಹತ್ತು. ಮುದುಕಗ ಒಂಬತ್ತು ಖರೇ, ಆದ್ರ ಆಕಿ ಗಂಡಗ ಹತ್ತು. ಅದು ನಿಮಗ ಹೇಳ್ಯಾಳೇನು?’

ನಾನು ಅವರ ಹತ್ತಿರ ಸರಿದೆ. ‘ನೀವು ಎಣಸೀರೇನ್ರಿ?’

ಗೌರಮ್ಮನಿಗೆ ಬೇಸರವಾಯಿತು. ‘ನಾ ಯಾಕ ಎಣಸಲಿ? ಗ್ವಾಡಿ ಹಚ್ಚಿ ಮನಿ. ಬಡಿಯೋ ಸಪ್ಪಳ ಕೇಳ್ತದ.’

ಆ ಕ್ಷಣದಲ್ಲಿ ನನಗೆ ಸಂಶೋಧನೆಯ ಬೆಳಕು ಕಂಡಿತು. ನಮ್ಮ ಓಣಿಯಲ್ಲಿ ತನ್ನ ಮನೆಯ ರೊಟ್ಟಿಯ ಸಂಖ್ಯೆ ಯಾರಿಗೂ ಗೊತ್ತಿಲ್ಲ. ಪಕ್ಕದ ಮನೆಯದು ಎಲ್ಲರಿಗೂ ಗೊತ್ತು. ಅದನ್ನು ಯಾರೂ ಎಣಿಸಿಲ್ಲ, ಕೇವಲ ಕೇಳಿಸಿಕೊಂಡಿದ್ದಾರೆ. ಕೇಳಿಸಿಕೊಂಡದ್ದಕ್ಕೆ ನದರಿಲ್ಲ.

ಮರುದಿನ ಮಧ್ಯಾಹ್ನ ಗೌರಮ್ಮನ ಕಟ್ಟೆಯ ಮೇಲೆ ಓಣಿ ಸೇರಿತು. ಗೌರಮ್ಮ ಕರೆದರೆ ಬರದೆ ಇರುವವರಿಲ್ಲ. ಹದಿನೆಂಟು ಹಳೆಯ ನಮೂನೆಗಳನ್ನು ಬದಿಗಿಟ್ಟು ಹೊಸ ಹಾಳೆಯಿಂದ ಆರಂಭಿಸಿದೆ. ಮಲ್ಲಮ್ಮನದನ್ನು ಗೌರಮ್ಮ ಹೇಳಿದರು, ಗೌರಮ್ಮನದನ್ನು ಮಲ್ಲಮ್ಮ ಹೇಳಿದಳು, ರಶೀದಾ ಆಪಾ ಎದುರು ಸಾಲನ್ನು ಪೂರ್ತಿ ಹೇಳಿದರು. ಅವರ ಮಷಿನು ಕಿಟಕಿಗೆ ಎದುರಾಗಿದೆ. ಯಾರ ಮನೆಯ ಸರದಿ ಬರುತ್ತದೋ ಆ ಮನೆಯಾಕೆ ಮರ್ಯಾದೆಯಿಂದ ಎದ್ದು ನೀರು ಕುಡಿಯಲು ಒಳಗೆ ಹೋಗುತ್ತಿದ್ದಳು. ತನ್ನದು ಮುಗಿದ ಮೇಲೆ ಬಂದು ಪಕ್ಕದವಳದನ್ನು ಹೇಳುತ್ತಿದ್ದಳು. ಗೌರಮ್ಮನ ಕೊಡವನ್ನು ಮೂರು ಸಲ ತುಂಬಬೇಕಾಯಿತು.

ಸಿಕ್ಕ ಮಾಹಿತಿಯ ನಿಖರತೆ ನೋಡಿ ನನಗೆ ಸ್ವಲ್ಪ ಹೆದರಿಕೆಯೇ ಆಯಿತು. ‘ಸೊಸಿ ಎಲ್ಲಾರ ಮುಂದ ಎರಡು, ಆಮ್ಯಾಲ ಒಲಿ ಮುಂದ ಒಬ್ಬಾಕಿನ ಎರಡು.’ ‘ಸೋಮವಾರ ಒಪ್ಪತ್ತು ಅಂತಾಳ, ಸೋಮವಾರನ ಆರು ಬಡೀತಾಳ.’ ಇಂಥವನ್ನೆಲ್ಲ ಅಡಿಟಿಪ್ಪಣಿಯಲ್ಲಿ ಹಾಕಿದೆ. ಮೂರು ವಾರ ಹುಡುಕಿದರೂ ಸಿಗದಿದ್ದ ಅಂಕಿಗಳು ಎರಡು ಮಧ್ಯಾಹ್ನಗಳಲ್ಲಿ ಸುರಿದವು. ಉತ್ತರಿಸಿದವರ ಸಹಿ ಎಂಬಲ್ಲಿ ಒಬ್ಬರ ಮನೆಗೆ ಇನ್ನೊಬ್ಬರು ಧೈರ್ಯವಾಗಿ ಸಹಿ ಮಾಡಿದರು. ವರದಿಯಲ್ಲಿ ನಾನು ಇದನ್ನು ‘ಪಕ್ಕದ ಮನೆ ವಿಧಾನ’ ಎಂದು ಕರೆದು, ಮೂರು ಪುಟ ಸಮರ್ಥನೆ ಬರೆದೆ.

ಮೂವತ್ತೊಂಬತ್ತಾದವು. ನಲವತ್ತನೆಯದು ನನ್ನ ಮನೆ. ಗಂಡ ಹೆಂಡತಿ ಇಬ್ಬರೇ ಇರುವ ಮನೆಯ ಸಣ್ಣ ಲೆಕ್ಕ, ನಾನೇ ಬರೆಯುತ್ತೇನೆ ಎಂದು ಪೆನ್ನು ತೆಗೆದೆ. ಗೌರಮ್ಮ ಪೆನ್ನು ಕಸಿದುಕೊಂಡರು. ಎಲ್ಲರಿಗೂ ಒಂದು ಪದ್ಧತಿ, ನಿಮಗೊಂದು ಪದ್ಧತಿಯೇ ಎಂದು ಕೇಳಿ, ನನ್ನನ್ನು ನೀರು ಕುಡಿಯಲು ಒಳಗೆ ಕಳಿಸಿದರು. ಎರಡು ಲೋಟ ಕುಡಿದೆ. ಹೊರಗೆ ಪಿಸುಮಾತು ನಡೆದಿತ್ತು, ನಡುವೆ ನಗು. ನಾಲ್ಕನೇ ತರಗತಿಯವರೆಗೆ ಓದಿದ ಗೌರಮ್ಮ ಪೆನ್ನು ಒತ್ತಿ ಒತ್ತಿ ಬರೆಯುತ್ತಿದ್ದರು. ನಾನು ಬರುವಷ್ಟರಲ್ಲಿ ಹಾಳೆಯನ್ನು ನಾಲ್ಕು ಮಡಿಕೆ ಮಾಡಿ, ರಶೀದಾ ಆಪಾನ ಗೋಂದು ಹಚ್ಚಿ ಮುಚ್ಚಿದ್ದರು.

‘ತೆರದು ನೋಡಬ್ಯಾಡ್ರಿ ಅಕ್ಕೋರ. ನೋಡಿದ್ರ ನಿಮ್ಮನಿ ರೊಟ್ಟಿಗೇ ನದರ.’

ಮೂರು ವಾರದ ಹಿಂದಿನ ನಾನಾಗಿದ್ದರೆ ನಕ್ಕು ತೆರೆಯುತ್ತಿದ್ದೆ. ಈಗ ಅನುಭವಸ್ಥೆ. ಸರಾಸರಿ ಹಾಕುವಾಗ ನಮ್ಮ ಮನೆಗೆ ನನಗೆ ಎರಡು, ಅವರಿಗೆ ಎರಡು, ಒಟ್ಟು ನಾಲ್ಕು ಎಂದು ಅಂದಾಜಿನಲ್ಲಿ ಹಿಡಿದು, ಮುಚ್ಚಿದ ಹಾಳೆಯನ್ನು ಮುಚ್ಚಿದಂತೆಯೇ ವರದಿಗೆ ಹೊಲಿಸಿದೆ. ಕೊನೆಯ ದಿನಕ್ಕೆ ಒಂದು ದಿನ ಮುಂಚೆ ಯಾದಗಿರಿಯಲ್ಲಿ ಅದರ ಮೇಲೆ ಸ್ವೀಕೃತಿಯ ಠಸ್ಸೆ ಬಿತ್ತು.

ಇನ್ನು ಮೌಖಿಕ ಪರೀಕ್ಷೆ. ಅದರಲ್ಲಿ ತೇರ್ಗಡೆಯಾಗದಿದ್ದರೆ ಠಸ್ಸೆ ಬಿದ್ದೂ ಪ್ರಯೋಜನವಿಲ್ಲ. ಆ ದಿನ ನಮ್ಮನೆಯವರು ರಜೆ ಹಾಕಿ ನನ್ನ ಜೊತೆ ಬಂದು, ಪರೀಕ್ಷೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತರು. ಪರೀಕ್ಷಕರು ಕಲಬುರಗಿ ಕಡೆಯ ನಿವೃತ್ತ ಪ್ರಾಧ್ಯಾಪಕರು. ಕನ್ನಡಕವನ್ನು ಹಣೆಗೇರಿಸಿ ಓದುವವರು. ವರದಿಯನ್ನು ಎರಡು ಸಲ ತಿರುವಿ ಹಾಕಿದರು. ಅಂಚಿನ ಗೆರೆಗಳನ್ನು ನೋಡಿ ಅಕ್ಷರ ಚಂದ ಅದ ಎಂದರು. ನಾನು ಬೆನ್ನು ನೆಟ್ಟಗೆ ಮಾಡಿದೆ.

‘ಒಂದು ಮಾತು ಹೇಳವ್ವಾ. ಇಷ್ಟೆಲ್ಲಾ ಯಾಕ ಮಾಡೀದಿ? ತಿಂಗಳಿಗೆ ಎಷ್ಟು ಕಿಲೋ ಜೋಳ ಬೀಸಸ್ತೀರಿ ಅಂತ ಕೇಳಿದ್ರ ಮುಗೀತಿತ್ತಲ್ಲ? ಹೋಗ್ಲಿ, ಗಿರಣಿಯವನ್ನ ಕೇಳಿದ್ರ ಒಂದು ಮುಂಜಾನ್ಯಾಗ ನಲವತ್ತ ಮನೀದೂ ಹೇಳ್ತಿದ್ದ.’

ಜೋಳ ಹಿಟ್ಟಾಗಲು ಗಿರಣಿಗೆ ಹೋಗುತ್ತದೆ ಎಂಬ ಸಂಗತಿ ನನಗೆ ಗೊತ್ತಿರಲಿಲ್ಲವೆಂದಲ್ಲ. ನೆನಪಾಗಲಿಲ್ಲ. ನಮ್ಮ ಮನೆಗೆ ಜೋಳ ಬರುವುದೇ ರೊಟ್ಟಿಯಾಗಿ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ನಾನು ಗಿರಣಿಯ ಮೆಟ್ಟಿಲು ಹತ್ತಿರಲಿಲ್ಲ. ಹೀಗೆಂದು ಸತ್ಯ ಹೇಳಿದೆ. ಕಾನ್ವೆಂಟಿನಲ್ಲಿ ಕಲಿಸಿದ್ದು ಅದನ್ನೂ.

ಪರೀಕ್ಷಕರು ಪೆನ್ನಿನ ಮುಚ್ಚಳ ತೆಗೆದರು. ಅಂಕದ ಹಾಳೆಯನ್ನು ಹತ್ತಿರ ಎಳೆದುಕೊಂಡರು. ಆರು ವರ್ಷ ಹೋಯಿತೆಂದು ನಾನು ಮನಸ್ಸಿನಲ್ಲೇ ಸಂವಿಧಾನ, ಪರಿಸರ ಎಂದು ಒಂದೊಂದು ಪತ್ರಿಕೆಯನ್ನೂ ಕಳಿಸಿಕೊಡುತ್ತಿದ್ದೆ. ಅಷ್ಟರಲ್ಲಿ ಅವರ ಕೈಗೆ ಗೋಂದು ಹಚ್ಚಿದ ನಲವತ್ತನೆಯ ಹಾಳೆ ತಗುಲಿತು. ಸ್ಕೇಲು ತೂರಿಸಿ ಬಿಡಿಸಿದರು. ಗಟ್ಟಿಯಾಗಿ ಓದಿದರು.

‘ಅಕ್ಕೋರು ಒಂದೂವರಿ. ಸಾಹೇಬ್ರು ಮನ್ಯಾಗ ಎರಡು, ಥಣ್ಣಗಿನವು. ಸಂಜೀಕ ಅಕ್ಕೋರು ಹುಡುಗರಿಗೆ ಇಂಗ್ಲಿಷ್ ಹೇಳಾಕ ಕುಂತಾಗ ನಮ್ಮ ಕಟ್ಟಿ ಮ್ಯಾಲ ಮೂರು, ಬಿಸೀವು, ಪುಂಡಿಪಲ್ಯ ಜೋಡಿ. ಹನ್ನೊಂದು ವರ್ಷದಿಂದ. ಇದನ್ನ ಅಕ್ಕೋರಿಗೆ ಹೇಳಬ್ಯಾಡ್ರಿ.’

ಹೊರಗಿನ ಬೆಂಚಿನ ಮೇಲೆ ಯಾರೋ ಕೆಮ್ಮಿದರು. ಆ ಕೆಮ್ಮು ನನಗೆ ಪರಿಚಿತವಾಗಿತ್ತು.

‘ಇದನ್ನ ಬರದವ್ರು ಯಾರು?’ ಎಂದು ಪರೀಕ್ಷಕರು ಕೇಳಿದರು.

‘ನಮ್ಮ ಬಾಜೂ ಮನಿ ಗೌರಮ್ಮ ಸರ್.’

ಅವರು ಹಾಳೆಯನ್ನು ಮತ್ತೊಮ್ಮೆ ಓದಿಕೊಂಡರು. ಇದರಲ್ಲಿ ಸ್ಥಳವಿದೆ, ಹೊತ್ತಿದೆ, ಅವಧಿಯಿದೆ, ಬಿಸಿ ತಣ್ಣಗಿನ ವ್ಯತ್ಯಾಸವಿದೆ, ಜನ ಯಾಕೆ ಒಂದನ್ನು ಬಿಟ್ಟು ಇನ್ನೊಂದರ ಕಡೆ ಹೋಗುತ್ತಾರೆ ಎನ್ನುವುದಕ್ಕೆ ಕಾರಣವೂ ಇದೆ, ಇಡೀ ವರದಿಯಲ್ಲಿ ಇದೊಂದೇ ಹಾಳೆ ಅರ್ಥಶಾಸ್ತ್ರ ಎಂದರು. ಆಮೇಲೆ ನನಗೆ ಪಾಸಾಗಲು ಎಷ್ಟು ಬೇಕೋ ಸರಿಯಾಗಿ ಅಷ್ಟೇ ಅಂಕ ಕೊಟ್ಟು ಸಹಿ ಮಾಡಿದರು.

ವಾಪಸು ಬರುವಾಗ ಬಸ್ಸು ಭೀಮೆಯ ಸೇತುವೆ ದಾಟಿತು. ದಾಟಿದ ಮೇಲೆ ನಮ್ಮನೆಯವರು ಕಿಟಕಿಯ ಹೊರಗೆ ನೋಡುತ್ತ, ‘ಬಿಸಿ ಇರ್ತಾವ’ ಎಂದರು. ಹನ್ನೊಂದು ವರ್ಷದ ವಿವರಣೆ ಅಷ್ಟಕ್ಕೇ ಮುಗಿಯಿತು.

ನಾಲ್ಕು ತಿಂಗಳಿಗೆ ಪ್ರಮಾಣಪತ್ರ ಬಂತು. ದಪ್ಪನೆಯ ಹಾಳೆ, ಬಂಗಾರದ ಅಂಚು, ನಡುವೆ ನನ್ನ ಹೆಸರು. ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಆಮೇಲೆ ನ್ಯಾಯವಾಗಿ ಮೊದಲು ತೋರಿಸಬೇಕಾದವರಿಗೆ ತೋರಿಸಲು ಹೋದೆ. ಪರೀಕ್ಷಕರು ಹೇಳಿದ ಮಾತನ್ನೂ ಒಂದಕ್ಷರ ಬಿಡದೆ ಒಪ್ಪಿಸಿದೆ. ಗೌರಮ್ಮ ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು, ಹಾಳೆಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲಿನಿಂದ ಕೆಳಗೆ ನೋಡಿದರು. ತಿರುಗಿಸಿ ಹಿಂದೆಯೂ ನೋಡಿದರು.

‘ನನ್ನ ಹೆಸರು ಎಲ್ಲಿ ಅದರೀ?’

ಇಲ್ಲ ಎಂದೆ.

‘ನಿಮ್ದೊಂದೇ ಹಾಕ್ಯಾರ?’

ನನ್ನದೊಂದೇ ಎಂದೆ.

ಗೌರಮ್ಮ ಹಾಳೆಯನ್ನು ಜೋಪಾನವಾಗಿ ನನ್ನ ಕೈಗೆ ಕೊಟ್ಟರು.

‘ಇರ್ಲಿ ಬಿಡ್ರಿ ಅಕ್ಕೋರ’ ಎಂದು ಬೆನ್ನು ಸವರಿದರು. ‘ನೀವೂ ಭಾಳ ತಿರಗಾಡೀರಿ.’